ವಲೆಟ್ಟಾದಲ್ಲಿ ನಳಿನಿ

ರಿಚರ್ಡ್‌ಸನ್ ಊರಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದ ಮನುಷ್ಯ ನೀರು ಕೂಡ ಬೇಡವೆಂದ. ಸೋಫಾದ ಅಂಚಿನಲ್ಲಿ ಕೂತು, ಜೇಬಿನಿಂದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟ.

"ಇದನ್ನ ತೆಗೆದಿದ್ದು ನೀವೇ ತಾನೆ?"

ಶ್ಯಾಮಸುಂದರ ಹೌದೆಂದ. ಇಲ್ಲವೆನ್ನುವಂತಿರಲಿಲ್ಲ. ಕಡಿದಾದ ಮೆಟ್ಟಿಲುಗಳ ಬೀದಿ, ಎರಡೂ ಕಡೆ ಬಣ್ಣ ಬಳಿದ ಮರದ ಬಾಲ್ಕನಿಗಳು, ತುದಿಯಲ್ಲಿ ಒಂದಿಷ್ಟು ಸಮುದ್ರ. ನಡುವೆ ಬೆನ್ನು ಹಾಕಿ ಇಳಿಯುತ್ತಿರುವ ನಳಿನಿ. ಮುಖ ಕಾಣುತ್ತಿರಲಿಲ್ಲ. ಆದರೆ ಫೋಟೊ ತೆಗೆದವನ ನೆರಳು ಅವಳ ಪಕ್ಕದಲ್ಲೇ ಉದ್ದಕ್ಕೆ ಬಿದ್ದಿತ್ತು.

ಬೆಳಿಗ್ಗೆ ಎಂಟಕ್ಕೆ ಫೋನ್ ಬಂದಿತ್ತು. ನಾನು ಬದರಿನಾಥ, ನಳಿನಿಯ ಗಂಡ, ನಿಮ್ಮ ನಂಬರ್ ಅವಳ ಫೋನಿನಲ್ಲಿ ಸಿಕ್ಕಿತು, ಮನೆಯಲ್ಲಿರುತ್ತೀರಾ, ವಿಳಾಸ ಏನು ಎಂದಷ್ಟೇ ಕೇಳಿ ಇಟ್ಟುಬಿಟ್ಟಿದ್ದ. ಆಗಿನಿಂದ ಶ್ಯಾಮಸುಂದರ ಕ್ಲಿಯರ್ ಲೇಕ್‌ನ ತನ್ನ ಒಂಟಿ ಮನೆಯಲ್ಲಿ ಕೂರಲಾಗದೆ ಅಡ್ಡಾಡಿದ್ದ. ಹೆಂಡತಿಯ ಫೋನ್ ಶೋಧಿಸಿದ ಗಂಡ ಇಷ್ಟು ದೂರ ಕುಶಲ ಕೇಳಲು ಬರುವುದಿಲ್ಲ.

ನಡೆದದ್ದಾದರೂ ಏನು? ೨೦೧೬ರ ಮೇ ತಿಂಗಳು, ಮಾಲ್ಟಾ ದ್ವೀಪ. ಐವತ್ತೆರಡರ ಶ್ಯಾಮಸುಂದರ, ಡೈವೋರ್ಸ್ ಆಗಿ ಆರು ವರ್ಷವಾದ ಎಂಜಿನಿಯರ್, ವಲೆಟ್ಟಾದ ಹಳೆಯ ಬೀದಿಗಳಲ್ಲಿ ಒಂದು ಪ್ರವಾಸಿ ಗುಂಪಿನ ಹಿಂದೆ ನಡೆಯುತ್ತಿದ್ದ. ಬೆನ್ನ ಹಿಂದೆ ಯಾರೋ "ಅಯ್ಯೋ, ನನ್ನ ಕಾಲೇ" ಎಂದು ಗೊಣಗಿದರು. ಇವನು ತಿರುಗದೆಯೇ, "ಇನ್ನು ಮೂವತ್ತೇ ಮೆಟ್ಟಿಲು" ಎಂದ, ಕನ್ನಡದಲ್ಲಿ. ಹಿಂದಿದ್ದ ಹೆಂಗಸು ಮೆಟ್ಟಿಲ ಮೇಲೆಯೇ ಕೂತು ನಗತೊಡಗಿದಳು.

ಗುಂಪು ಮುಂದೆ ಹೋಯಿತು, ಇವರಿಬ್ಬರು ಉಳಿದರು. ಬಟಾಣಿ ತುಂಬಿದ ಬಿಸಿ ಪೇಸ್ಟ್ರಿ ಕೊಂಡು, ಥೇಟ್ ಮೈಸೂರಿನ ಬೇಕರಿ ಪಫ್ಸ್ ಎಂದು ನಳಿನಿ ನಾಲ್ಕು ತಿಂದಳು. ಕೋಟೆಯ ಉದ್ಯಾನದಲ್ಲಿ ದಿನವೂ ಮಧ್ಯಾಹ್ನ ಹಾರಿಸುವ ಫಿರಂಗಿ ಸಿಡಿದಾಗ ಬೆಚ್ಚಿ ಅವನ ತೋಳು ಹಿಡಿದವಳು, ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ಇಪ್ಪತ್ತೈದನೇ ವಾರ್ಷಿಕೋತ್ಸವಕ್ಕೆಂದು ಬುಕ್ ಮಾಡಿದ ಪ್ರವಾಸವಂತೆ. ಗಂಡ ಕೊನೇ ವಾರದಲ್ಲಿ ರಜೆ ಸಿಗಲಿಲ್ಲವೆಂದು ಕೈಯೆತ್ತಿದನಂತೆ. ಅದನ್ನೂ ನಗುತ್ತಲೇ ಹೇಳಿದಳು. ಬಂದರಿನ ಕಡೆ ಇಳಿಯುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಬಿಸಿಲು ಎಂದಳು. ಆಮೇಲೆ, "ಇಷ್ಟು ನಕ್ಕಿದ್ದು ಯಾವಾಗ ಅಂತ ನೆನಪೇ ಇಲ್ಲ ಕಣ್ರೀ" ಎಂದಳು.

ಅಷ್ಟೇ. ಸಂಜೆ ಅವಳ ಹೋಟೆಲಿನ ತಿರುವಿನಲ್ಲಿ ಬೀಳ್ಕೊಟ್ಟ. ಬೇರೆ ಹೋಟೆಲಿನ ತನ್ನ ರೂಮಿಗೆ ಹೋಗಿ, ಅವಳು ಕೊಟ್ಟಿದ್ದ ನಂಬರಿಗೆ ಫೋಟೊ ಕಳಿಸಿದ. ಉತ್ತರ ಬರಲಿಲ್ಲ. ಸಂಸಾರಸ್ಥೆ, ಇಷ್ಟು ಸಾಕೆಂದುಕೊಂಡಿರಬೇಕು ಎಂದು ಅವನೂ ಸುಮ್ಮನಾದ. ಮರುದಿನ ನಸುಕಿಗೇ ಅವನ ವಿಮಾನವಿತ್ತು. ಮೂರು ತಿಂಗಳಾದರೂ ಆ ಒಂದು ದಿನವನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸಣ್ಣದಾಗಿಬಿಡುತ್ತದೆ ಎನ್ನಿಸುತ್ತಿತ್ತು.

ಬದರಿನಾಥ ಒಂದೊಂದಾಗಿ ಕೇಳುತ್ತಾ ಹೋದ. ಎಷ್ಟು ಹೊತ್ತು ಜೊತೆಗಿದ್ದಿರಿ? ಎಲ್ಲೆಲ್ಲಿ ಹೋದಿರಿ? ಏನು ತಿಂದಳು? ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಶ್ಯಾಮಸುಂದರನನ್ನು ಹೆಚ್ಚು ಹೆದರಿಸಿತು. ನಳಿನಿ ಹೇಗಿದ್ದಾಳೆಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅದೂ ಒಂದು ಸಾಕ್ಷಿಯಾದೀತು. ಒಂದರ್ಧ ಗಂಟೆ ಇದ್ದೆವು, ಗುಂಪಿನಲ್ಲಿ ಎಲ್ಲರೂ ಇದ್ದರು ಎಂದ. ತಿಂದದ್ದು ನೋಡಲಿಲ್ಲ ಎಂದ.

"ಅವಳಿಗೆ ಬಿಸಿಲು ಆಗ್ತಿರಲಿಲ್ಲ," ಎಂದು ಬದರಿನಾಥ ಫೋಟೊ ನೋಡುತ್ತಾ ಹೇಳಿದ. "ಇಲ್ಲಿಂದ ಹಾಗೇ ಆಸ್ಟಿನ್‌ಗೆ ಹೋಗ್ತೀನಿ. ಮಗಳು ದಿಯಾ ಅಲ್ಲೇ ಓದ್ತಿರೋದು. ಅವಳಿಗೆ ಏನಾದ್ರೂ ಹೇಳ್ಬೇಕಲ್ಲ."

ಶ್ಯಾಮಸುಂದರನಿಗೆ ಈಗ ಅರ್ಥವಾಯಿತು. ಒಂದು ಸಂಸಾರ ತನ್ನ ಬಾಯಿಂದ ಬರುವ ಮಾತಿಗೆ ಕಾದು ಕೂತಿದೆ. ತನ್ನ ಮನೆ ಹೇಗೆ ಒಡೆಯಿತೆಂದು ಅವನಿಗೆ ಗೊತ್ತಿತ್ತು. ನಳಿನಿಯದು ಉಳಿಯಲಿ.

"ಒಂದೇ ಕೇಳ್ತೀನಿ," ಎಂದ ಬದರಿನಾಥ. "ನಿಮ್ಮ ಜೊತೆ ಇದ್ದಾಗ ಅವಳು ಖುಷಿಯಾಗಿದ್ಲಾ?"

"ಇಲ್ಲ ಸರ್." ಶ್ಯಾಮಸುಂದರ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. "ಬಾಯಿ ಬಿಟ್ಟರೆ ನಿಮ್ಮದೇ ಮಾತು. ನೀವು ಬರಲಿಲ್ಲ ಅಂತ ತುಂಬಾ ನೊಂದ್ಕೊಂಡಿದ್ರು. ಯಾವುದನ್ನೂ ಮನಸ್ಸಿಟ್ಟು ನೋಡ್ಲಿಲ್ಲ."

"ನಗಲೇ ಇಲ್ವಾ? ಒಂದು ಸಲಾನೂ?"

"ಇಲ್ಲ. ಒಂದು ಸಲಾನೂ ಇಲ್ಲ."

ಬದರಿನಾಥನ ಭುಜಗಳು ಇಳಿದವು. ನಂಬಿದ ಎಂದುಕೊಂಡ ಶ್ಯಾಮಸುಂದರ. ಬದುಕಿನಲ್ಲಿ ಇಷ್ಟು ಸಲೀಸಾಗಿ, ಇಷ್ಟು ಒಳ್ಳೆಯ ಸುಳ್ಳನ್ನು ಅವನು ಎಂದೂ ಹೇಳಿರಲಿಲ್ಲ. ನಳಿನಿ ಎಲ್ಲೇ ಇರಲಿ, ತಿಳಿದರೆ ಮನಸ್ಸಿನಲ್ಲೇ ನೆನೆದಾಳು.

ಬದರಿನಾಥ ಫೋಟೊವನ್ನು ಜೇಬಿಗೆ ಸೇರಿಸಿಕೊಂಡು ಎದ್ದ. ಬಾಗಿಲ ಬಳಿ ಶೂ ಹಾಕಿಕೊಳ್ಳಲು ಬಗ್ಗಿದವನು ಎಷ್ಟೋ ಹೊತ್ತು ಹಾಗೇ ಇದ್ದ. ಕೊನೆಗೆ ಲೇಸ್ ಕಟ್ಟದೆಯೇ ನೆಟ್ಟಗೆ ನಿಂತು ಕೈಮುಗಿದ.

"ನಿಜ ಹೇಳಿದ್ರಲ್ಲ, ಥ್ಯಾಂಕ್ಸ್," ಎಂದ. "ಮೊದಲೇ ಗೊತ್ತಾಗಿದ್ರೆ ನನ್ನ ಸಮಾಧಾನಕ್ಕೆ ಅಂತ ಏನೋ ಒಂದು ಹೇಳ್ಬಿಡ್ತಿದ್ರಿ, ಅದಕ್ಕೇ ನಾನು ಬಾಯಿ ಬಿಡ್ಲಿಲ್ಲ. ಅವತ್ತು ನಿಮ್ಮನ್ನ ಬಿಟ್ಟು ಹೋದವಳು ರೂಮಿಗೆ ಹೋಗ್ಲೇ ಇಲ್ಲ. ಹೋಟೆಲ್ ಬಾಗಿಲಲ್ಲೇ ಹೃದಯ ನಿಂತುಹೋಯ್ತಂತೆ."