ಹೋಲ್ಡಾನ್

ಆ ಹೆಸರು ಹೋಗೇ ಬಿಟ್ಟಿತೇ? ಇಲ್ಲ, ಒಳಗೆಲ್ಲೋ ಮೂಲೆ ಹಿಡಿದು ಕೂತು ಬರಲೊಲ್ಲೆ ಅನ್ನುತ್ತಿದೆಯೇ? ಬಸ್ಸಿನ ಕಿಟಕಿಗೆ ತಲೆ ಆನಿಸಿ ಗಂಗಹನುಮಯ್ಯ ತನ್ನೊಳಗೇ ತಡಕಾಡುತ್ತಿದ್ದ. ಪಕ್ಕದಲ್ಲಿ ಕೂತವಳು ಹೆಂಡತಿ, ಅದು ಗೊತ್ತು. ಅವಳ ಕೈಯ ಮುದ್ದೆಯ ಹದ ಗೊತ್ತು, ಅವಳ ಎಡಗಾಲಿನ ಮಂಡಿನೋವು ಗೊತ್ತು. ಹೆಸರಿಗೆ ಬಂದರೆ ಮಾತ್ರ ನಾಲಿಗೆಯ ಮುಂದೆ ಬರೀ ಬಯಲು.

ಲಕ್ವ ಹೊಡೆದ ಮೇಲೆ ಕೈಕಾಲು ಹೇಗೋ ಸ್ವಾಧೀನಕ್ಕೆ ಬಂದಿದ್ದವು, ಮಾತು ಬಂದಿರಲಿಲ್ಲ. ನೀರು ಬೇಕಾದರೂ ‘ಅದು’, ತಲೆ ನೋಯುತ್ತಿದ್ದರೂ ‘ಅದು’. ಈವತ್ತು ರಾಮನಗರದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಜೈನಬ್ ಎಂದಿನಂತೆ ಚಿತ್ರಗಳನ್ನು ತೋರಿಸಿದ್ದಳು. ಲೋಟಕ್ಕೆ ‘ಅದು’ ಅಂದಿದ್ದ. ಹಸುವಿಗೂ ‘ಅದು’. ಕೊನೆಗೆ ಅವಳ ಬೆರಳು ಹೆಂಡತಿಯ ಕಡೆ ತಿರುಗಿತ್ತು. “ಇವರ ಹೆಸರೇನು ತಾತ?” ಅವನು ಬೆವರಿದ್ದ. ದೊಡ್ಡಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೊರಗೆ ಹೋಗಿದ್ದಳು. ಆಮೇಲಿಂದ ಗಂಡನ ಹತ್ತಿರ ಅವಳೂ ಮಾತಾಡಿರಲಿಲ್ಲ.

ಚನ್ನಪಟ್ಟಣದ ಬಸ್ಸು ಕೆಂಗಲ್‌ನಲ್ಲಿ ನಿಂತಿತು. ದೊಡ್ಡಲಕ್ಷ್ಮಮ್ಮ ಎದ್ದಳು. “ಒಸಿ ತಡ್ಕಪ್ಪ, ಆಂಜನೇಯಂಗೆ ಕರ್ಪೂರ ಹಚ್ಬುಟ್ಟು ಬತ್ತೀನಿ. ನಮ್ಮನೇರು ಇಲ್ಲೇ ಕುಂತವ್ರೆ, ಬುಟ್ಟೋಗ್ಬುಟ್ಟೀಯ!” ಎಂದು ಕಂಡಕ್ಟರಿಗೆ ಹೇಳಿ ಇಳಿದಳು. ಕಂಡಕ್ಟರ್ ತಲೆಯಾಡಿಸಿದ. ಆದರೆ ಜನ ನುಗ್ಗಿ ಹತ್ತಿದರು. ಟಿಕೆಟ್ ಕೊಡುತ್ತ ಹಿಂದಕ್ಕೆ ಹೋದವನಿಗೆ ಅವಳ ನೆನಪು ಹಾರಿಹೋಯಿತು. “ರೈಟ್!” ಅಂದುಬಿಟ್ಟ.

ಬಸ್ಸು ಹೊರಟಿತು. ಗಂಗಹನುಮಯ್ಯ ಕಿಟಕಿಯಾಚೆ ನೋಡಿದ. ಹೆಂಡತಿ ಓಡಿ ಬರುತ್ತಿದ್ದಾಳೆ. ಕೈ ಆಗಲೇ ಬಾಗಿಲ ಕಂಬಿ ಹಿಡಿದಿದೆ, ನೋವಿನ ಕಾಲು ಮೆಟ್ಟಿಲಿಗೆ ಎಟುಕದೆ ರಸ್ತೆಯ ಮೇಲೆ ಎಳೆದಾಡುತ್ತಿದೆ. ಕೂಗಬೇಕು. ಏನೆಂದು? ಹೆಸರು ಬರಲಿಲ್ಲ. ‘ನಿಲ್ಲಿಸು’ ಬರಲಿಲ್ಲ. ದರಿದ್ರದ ‘ಅದು’ ಕೂಡ ಬರಲಿಲ್ಲ.

“ಹೋಲ್ಡಾ...ನ್!”

ಯಾರ ದನಿ ಎಂದು ಯೋಚಿಸುವ ಮೊದಲೇ ಡ್ರೈವರನ ಕಾಲು ಬ್ರೇಕು ಒತ್ತಿತ್ತು. ನಿಂತವರು ಒಬ್ಬರ ಮೇಲೊಬ್ಬರು ಬಿದ್ದರು. “ಯಾವನ್ಲಾ ಅವ್ನು ಹೋಲ್ಡಾನ್ ಅಂದವ್ನು? ಕಂಡಕ್ಟ್ರು ನಾನೋ ಅವ್ನೋ?” ಎಂದು ಹಿಂದಿನಿಂದ ಕಂಡಕ್ಟರ್ ಕೂಗಾಡಿದ. ಕೂಗಿದವರು ಯಾರೆಂದು ಗಂಗಹನುಮಯ್ಯನೂ ಅತ್ತಿತ್ತ ನೋಡಿದ. ಈ ರಸ್ತೆಯ ಪ್ರೈವೇಟ್ ಬಸ್ಸುಗಳ ಬಾಗಿಲಿಗೆ ಜೋತುಬಿದ್ದು ಕಂಡಕ್ಟರಿಕೆಯಲ್ಲೇ ತಲೆ ನರೆಸಿದ್ದ ತನ್ನ ಗಂಟಲು ತನಗೇ ಗುರುತು ಸಿಕ್ಕಿರಲಿಲ್ಲ.

ದೊಡ್ಡಲಕ್ಷ್ಮಮ್ಮ ಏದುಸಿರು ಬಿಡುತ್ತ ಹತ್ತಿದಳು. “ಯಾರಪ್ಪ ನಿಲ್ಸಿದ್ದು? ನಿನ್ನೊಟ್ಟೆ ತಣ್ಗಿರ್ಲಿ!”

“ತಾತನೇ ಅಜ್ಜಿ! ತಾತನೇ ಕೂಗಿದ್ದು!” ಕೆಲಸ ಮುಗಿಸಿ ಅದೇ ಬಸ್ಸಿಗೆ ಹತ್ತಿ ಚನ್ನಪಟ್ಟಣದ ಮನೆಗೆ ಹೊರಟಿದ್ದ ಜೈನಬ್ ಹಿಂದಿನ ಸೀಟಿನಿಂದ ಎದ್ದೇ ನಿಂತಿದ್ದಳು. ಜನರ ನಡುವೆ ನುಸುಳಿ ಬಂದು ಅವನ ಭುಜ ಹಿಡಿದಳು. “ತಾತ, ಬಸ್ಸು ಹೊರಡ್ತಾ ಇದೆ, ಜನ ಹತ್ತಬೇಕು. ಕೂಗಿ! ಬಿಡದಿ...”

ಅವನ ಕೈ ತಾನಾಗಿ ಮೇಲಕ್ಕೆ ಹೋಗಿ ಕಂಬಿ ಹಿಡಿಯಿತು. “ಬಿಡ್ದಿ, ಮಾಯ್ಗಾನಳ್ಳಿ, ರಾಮ್ನಗ್ರ, ಕೆಂಗಲ್, ವಂದಾರ್ಗುಪ್ಪೆ, ಚನ್ಪಟ್ಣ ಚನ್ಪಟ್ಣ ಚನ್ಪಟ್ಣ! ಒಳಿಕ್ಕೋಗಿ ಒಳಿಕ್ಕೋಗಿ, ಚಿಲ್ರೆ ಕೊಡಿ!”

ಬಸ್ಸಿಗೆ ಬಸ್ಸೇ ನಕ್ಕಿತು. “ಲೇ ಕಂಡಕ್ಟ್ರು, ಬ್ಯಾಗ್ನ ಈಯಪ್ಪಂಗೆ ಕೊಟ್ಬುಟ್ಟು ನೀನು ಕುಂತ್ಕಳ್ಲಾ!” ಎಂದು ಯಾರೋ ಕೂಗಿದರು. ಗಂಗಹನುಮಯ್ಯ ತನ್ನ ತುಟಿ ಮುಟ್ಟಿ ನೋಡಿಕೊಂಡ. ಮಾತು! ತನ್ನದೇ ಬಾಯಿಂದ, ಒಂದರ ಬಾಲ ಒಂದು ಹಿಡಿದು!

ಜೈನಬ್‌ಗೆ ಕಣ್ಣು ತುಂಬಿ ಬಂದಿತ್ತು, ಆದರೂ ಅವಳ ಮಾತು ನಿಲ್ಲಲಿಲ್ಲ. “ಹುಡುಕಿ ಹುಡುಕಿ ಆಡೋ ಮಾತಿಗೆ ಒಂದು ದಾರಿ ಅಜ್ಜಿ, ಆಡಿ ಆಡಿ ರೂಢಿ ಆಗಿರೋ ಮಾತಿಗೆ ಇನ್ನೊಂದು. ಆ ಇನ್ನೊಂದು ದಾರಿ ಕೆಟ್ಟಿಲ್ಲ! ದಿನಾ ಬಾಯಲ್ಲಿ ಆಡ್ತಿದ್ದದ್ದು ಏನೇ ಇದ್ರೂ ಬರುತ್ತೆ, ನೋಡ್ತಿರಿ. ತಾತ, ಅದೇ ಧಾಟೀಲಿ... ಈಗ ಅಜ್ಜಿ ಹೆಸರು!”

ಅವನು ಬಾಯಿ ತೆರೆದ. ಒಳಗಿನ ಆ ರಸ್ತೆಯಲ್ಲಿ ಈಗ ಎಲ್ಲ ಊರುಗಳಿಗೂ ದೀಪ ಹತ್ತಿತ್ತು. ಆ ತುದಿಯಿಂದ ಈ ತುದಿಗೆ ಓಡಿ ಬಂದ. ಅವಳ ಹೆಸರಿನ ಸ್ಟಾಪೇ ಇರಲಿಲ್ಲ. ಹೆಂಡತಿಯ ಮುಖ ಮತ್ತೆ ಬಾಡತೊಡಗಿದ್ದು ಕಂಡಿತು. ಹುಡುಕುವುದನ್ನೇ ಬಿಟ್ಟು ಸುಮ್ಮನೆ ಅವಳನ್ನೇ ನೋಡಿದ. ಆಗ ಯಾವ ದಾರಿಯಿಂದಲೋ ಮೆತ್ತಗೆ ಬಂತು.

“ಲೇ... ಇವ್ಳೇ...”

“ಓ!” ಅಂದಳು ದೊಡ್ಡಲಕ್ಷ್ಮಮ್ಮ, ಅಡುಗೆಮನೆಯಿಂದ ಓಗೊಟ್ಟ ಹಾಗೆ.

“ಅದು ಹೆಸರಲ್ವಲ್ಲ ಅಜ್ಜಿ?”

“ಇರ್ಲಿ ಬುಡು ಕಣವ್ವ,” ಅವಳು ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಏನೂ ಕಳ್ದೋಗಿಲ್ಲ.”

ಮದುವೆಯಾದಂದಿನಿಂದ ಗಂಗಹನುಮಯ್ಯ ಆ ರಸ್ತೆಯ ಊರೂರನ್ನೂ ಹೆಸರು ಹಿಡಿದು ಕೂಗಿದ್ದ. ದೊಡ್ಡಲಕ್ಷ್ಮಿ ಎಂದು ಒಂದು ಸಲವೂ ಅಂದಿರಲಿಲ್ಲ.