ಒಳದಾರಿ ಹಿಡಿದ ತೊರೆ

ಜರ್ಮನಿಯ ಆ ಹಳ್ಳಿಯಲ್ಲೂ, ಎಲ್ಲ ಕಡೆಯಂತೆ, ತೊರೆಗೆ ದಿನಾ ಬೆಳಿಗ್ಗೆ ಯಾರಾದರೂ ದಾರಿ ತೋರಿಸಬೇಕು. ಬುಗ್ಗೆಯಿಂದ ಒಬ್ಬರು ಮುಂದೆ ನಡೆದರೆ ಅದು ಕರುವಿನ ಹಾಗೆ ಹಿಂದೆಯೇ ಬರುತ್ತದೆ. ನದಿಯ ಹತ್ತಿರ ನಿಂತು, "ಇನ್ನು ಹೋಗು" ಎಂದು ಬೀಳ್ಕೊಡಬೇಕು.

ಇವತ್ತು ಗೆರ್ಲಿಂಡೆಯ ಸರದಿ. ಏಪ್ರಿಲ್ ಬಂದರೂ ಚಳಿ ಬಿಟ್ಟಿರಲಿಲ್ಲ. ತೊರೆ ದಿನಾ ಹರಿಯುವ, ಆಲ್ಡರ್ ಮರಗಳ ದೊಡ್ಡ ತಿರುವನ್ನು ಯಾರು ಸುತ್ತುತ್ತಾರೆಂದು ಅವಳು ಹುಲ್ಲುಗಾವಲಿನ ಒಳದಾರಿ ಹಿಡಿದಳು. ನದಿಯವರೆಗೂ ಹೋಗದೆ ಮನೆ ಸೇರಿ ಕಾಫಿ ಕುಡಿದಳು.

ಸ್ವಲ್ಪ ಹೊತ್ತಿಗೆ ಗಲಾಟೆ ಕೇಳಿ ತಿರುವಿಗೆ ಬಂದರೆ ಊರೇ ನೆರೆದಿತ್ತು. ಒಣಗಿದ ಕಲ್ಲುಗಳ ನಡುವೆ ಬಾಯಿ ಬಿಡುತ್ತಿದ್ದ ಟ್ರೌಟ್ ಮೀನುಗಳನ್ನು ಜನ ಬಕೆಟ್ಟಿಗೆ ತುಂಬುತ್ತಿದ್ದರು. ದಂಡೆಯ ಬಿಲದಲ್ಲಿ ಮರಿ ಮಾಡಿದ್ದ ಮಿಂಚುಳ್ಳಿ ಬರಿದಾದ ಪಾತ್ರದ ಮೇಲೆ ಸುಮ್ಮನೆ ಹಾರಾಡುತ್ತಿತ್ತು.

"ನೀನು ಈ ಕಡೆಯಿಂದಲೇ ಹೋದೆ ತಾನೆ, ಗೆರ್ಲಿಂಡೆ?" ಎಂದರು ಪಕ್ಕದ ಮನೆಯ ಮುದುಕ ವೆಂಡೆಲಿನ್. ದನಿಯಲ್ಲಿ ಅನುಮಾನವೇ ಇರಲಿಲ್ಲ.

"ಮತ್ತೆ? ಪೂರ್ತಿ ಸುತ್ತಿಕೊಂಡೇ ಹೋದೆ. ಈ ತೊರೆಗೇ ಸೊಕ್ಕು, ಹೇಳಿದ ಮಾತು ಕೇಳಲ್ಲ."

ಎಲ್ಲರೂ ಪಾಪವೆಂದು ತಲೆದೂಗಿದರು.

ಅಷ್ಟರಲ್ಲಿ ಹುಲ್ಲಿನೊಳಗೆ ಸರಸರ ಸದ್ದಾಯಿತು. ಹುಲ್ಲುಗಾವಲು ದಾಟಿ, ಅವಳ ಮನೆಯ ಹೊಸ್ತಿಲವರೆಗೂ ಹೋಗಿ, ಅವಳ ಹೆಜ್ಜೆ ಹಿಡಿದೇ ಬಂದ ತೊರೆ ಎಲ್ಲರೆದುರಿಗೆ ಅವಳ ಬೂಟಿಗೆ ತಾಗಿ ನಿಂತಿತು, ಮುಂದೆಲ್ಲಿಗೆ ಎಂದು ಕೇಳುವ ಹಾಗೆ.