ಬಾಣಂತಿಗೆಂದು ಮಾಡಿದ ಸಾರು

ಬೆಳಿಗ್ಗೆ ಕೋಳಿಗೂಡು ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ಕುಳಿತೆ. ಈಗಷ್ಟೇ ಮೊಟ್ಟೆಗೆ ಬಂದಿದ್ದ ಹ್ಯಾಟೆ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿತ್ತು. ಕೊಕ್ಕಿನಿಂದ ನಾರುವ ಲೋಳೆ ಇಳಿಯುತ್ತಿತ್ತು, ಬಾಲದಡಿಯಲ್ಲಿ ಹಸಿರು ಹಿಕ್ಕೆ ಮೆತ್ತಿತ್ತು, ಮೈ ಸುಡುತ್ತಿತ್ತು.

“ಜ್ವರ ಬಂದದೆ, ಮುಟ್ಬೇಡ ಕಂದ,” ಎಂದು ಮಗಳಿಗೆ ಹೇಳಿ, ಅದನ್ನು ಬೇರೆ ಕುಕ್ಕೆಯಡಿ ಕವುಚಿಟ್ಟು, ಸೋಪಿನಲ್ಲಿ ಕೈ ತೊಳೆದು ದನದ ಆಸ್ಪತ್ರೆಗೆ ಹೋದೆ.

ಔಷಧಿ ತರುವಷ್ಟರಲ್ಲಿ ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

“ಅತ್ತೆ, ಅದು ರೋಗದ ಕೋಳಿ.”

“ಸಾಯಕ್ ಮುಂಚೆ ಕುಯ್ದಿವ್ನಿ, ಬುಡು. ನಮ್ಗಲ್ಲ, ಪಕ್ಕದ್ಮನೆ ಬಾಣಂತಿಗೆ. ಮೆಣಸು ಜಾಸ್ತಿ ಅರ್ದಿವ್ನಿ, ವಾಸ್ನೆ ಗೊತ್ತಾಗಕಿಲ್ಲ.”

ನಾನು ಎತ್ತಿ ಚೆಲ್ಲಬೇಕೆಂದು ಪಾತ್ರೆಗೆ ಕೈ ಹಾಕುವಾಗಲೇ ಬಾಣಂತಿಯ ತಾಯಿ ಒಳಗೆ ಬಂದರು.

“ಸ್ವಂತ ಅಕ್ಕನೂ ಇಷ್ಟು ಮಾಡಕಿಲ್ಲ ಕಣಕ್ಕ. ಮೊದ್ಲು ನಿಮ್ ಮಗೀಗೊಂದು ತುಂಡು ಇಕ್ಕು, ಆಮೇಲೆ ನಮ್ಗೆ.”

“ಬ್ಯಾಡ ಬ್ಯಾಡ,” ಅತ್ತೆ ಪಾತ್ರೆಗೆ ತಟ್ಟೆ ಮುಚ್ಚಿದರು. “ಮಗೀಗೆ ಜ್ವರ.”

ಮಗಳು ತನ್ನ ಹಣೆಯನ್ನು ಮುಟ್ಟಿ ನೋಡಿಕೊಂಡಳು.

“ಅಜ್ಜಿ, ಜ್ವರ ಬಂದಿದ್ದು ಈ ಕೋಳಿಗಲ್ವಾ?”